ಲಸಿಕೆ

ನಮ್ಮ ಗ್ವಾಯಾಕಿಲ್‌ನಲ್ಲಿ ಅದಕ್ಕೆ ಲಸಿಕೆ ಅಂತ ಹೆಸರು.
ಯಾರಿಟ್ಟರೋ, ನಗು ಗೊತ್ತಿದ್ದವರೇ ಇಟ್ಟಿರಬೇಕು.
ಕ್ಷೌರದಂಗಡಿಗೆ ವಾರಕ್ಕೆ ಹದಿನೈದು ಡಾಲರ್,
ಶಾಲೆಗೆ ಮಗುವಿನ ತಲೆಗೆ ಎರಡು,
ಹೆಣದ ಪೆಟ್ಟಿಗೆ ಮಾಡುವವನಿಗೂ ಉಂಟು;
ಅವನಿಗೆ ರಿಯಾಯಿತಿಯಂತೆ, ಪಾಲುದಾರ ತಾನೆ.
ಹಾಕಿಸಿಕೊಂಡವರಿಗೆ ಏನೂ ಆಗುವುದಿಲ್ಲ.

ನಿಜವಾದ ಲಸಿಕೆ ಹಾಕಿದವಳು ನಾನು.
ಹತ್ತೊಂಬತ್ತು ವರ್ಷ, ಹೆಗಲಲ್ಲಿ ನೀಲಿ ಐಸ್ ಪೆಟ್ಟಿಗೆ,
ಅಳಿವೆಯ ಕೆಸರಿಗೆ ಹಲಗೆ ಹಾಸಿದ ಓಣಿಗಳಲ್ಲಿ
ಉಬ್ಬರ ಇಳಿಯುವುದನ್ನು ಕಾದು,
ಬಾಗಿಲು ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ:
ಮಕ್ಕಳು ಮೂರು, ಆಯಿತು.
ಮಗು ಒಂದು, ಜ್ವರ, ಮತ್ತೆ ಬರಬೇಕು.
ಈಗ ಅವೇ ಬಾಗಿಲುಗಳ ಮೇಲೆ ಕಪ್ಪು ಸ್ಪ್ರೇ ಬಣ್ಣ.
ಲೆಕ್ಕ ಹೆಚ್ಚೂಕಡಿಮೆ ಅದೇ.
ಮಳೆಗೆ ಅಳಿಸುವುದಿಲ್ಲ, ಅಷ್ಟೇ.

ಪೆಟ್ಟಿಗೆಯಲ್ಲೀಗ ಮೀನು.
ಪಿಂಚಣಿ ಸಾಲದೆ ಬೆಳಗಿನ ಐದಕ್ಕೆ ಸಾರು ಕುದಿಸುತ್ತೇನೆ,
ಮರಗೆಣಸು ಹಾಕಿ, ಮೇಲೆ ಹಸಿ ಈರುಳ್ಳಿ, ನಿಂಬೆ ಹಿಂಡಿ.
ರಾತ್ರಿ ಕುಡಿದವರಿಗೆ, ಬಂದರಿನಲ್ಲಿ ಬಾಳೆ ಹೊತ್ತವರಿಗೆ,
ಬಾಳೆಯೊಳಗೆ ಬೇರೇನೋ ಹೊತ್ತವರಿಗೂ.
ಶುಕ್ರವಾರದ ಲಕೋಟೆ ಐಸಿನ ಕೆಳಗೆ,
ಪ್ಲಾಸ್ಟಿಕ್ಕಿನಲ್ಲಿ ಸುತ್ತಿ.
ಲಸಿಕೆ ತಣ್ಣಗಿರಬೇಕು. ಹಳೇ ಅಭ್ಯಾಸ.

ವಸೂಲಿಗೆ ಬರುವವನು ಜಾಂಡ್ರಿ.
ಹದಿನೇಳಿರಬಹುದು. ಬೈಕು ಆರಿಸುವುದಿಲ್ಲ.
ಬನಿಯನ್ನಿನ ಆಚೆ ಬರಿದೋಳು, ಅದರ ಮೇಲೆ
ಚನ್ನಂಗಿ ಬೇಳೆಯಷ್ಟು ಗುಂಡನೆಯ ಕಲೆ,
ಹುಟ್ಟಿದ ಮೂರನೇ ದಿನ ನಾನೇ ಕೊಟ್ಟದ್ದು.
ಅದರ ಸುತ್ತ ಈಗ ಮೊಸಳೆಯೊಂದು ಬಾಯಿ ತೆರೆದಿದೆ;
ಹಚ್ಚೆಯವನು ಜಾಣ,
ನನ್ನ ಕಲೆಯನ್ನೇ ಅದಕ್ಕೆ ಕಣ್ಣು ಮಾಡಿದ್ದಾನೆ.

ಐದನೇ ವರ್ಷದ ಡೋಸಿಗೆ ಇವನು ಮೇಜಿನಡಿ ಹೊಕ್ಕಿದ್ದ.
ಎಳೆದು ತೊಡೆಯ ಮೇಲೆ ಕೂರಿಸಿ,
'ಆ ಕಡೆ ನೋಡು ಮರಿ,
ಹೆಜ್ಜಾರ್ಲೆ ಎಷ್ಟಿವೆ ಎಣಿಸು' ಅಂದಿದ್ದೆ.
ನಾಲ್ಕರವರೆಗೆ ಎಣಿಸಿದ. ಐದು ಬರುತ್ತಿರಲಿಲ್ಲ ಅವನಿಗೆ.
ಮುಗಿದದ್ದೇ ಗೊತ್ತಾಗಲಿಲ್ಲ.

ಕ್ಷೌರದ ತಿಯೋಫಿಲೊ ಎರಡು ವಾರ ತಪ್ಪಿಸಿದ.
ಮಗಳ ಕನ್ನಡಕಕ್ಕೆ ಹೋಯಿತು ಅಂದನಂತೆ.
ಮೂರನೇ ಶುಕ್ರವಾರ ಬೈಕು ಆರಿತು.
ಜಾಂಡ್ರಿ ಇಳಿದ, ನನ್ನ ಗಾಡಿ ದಾಟುವಾಗ ನಿಂತ.
ಬೈಯಲಿಲ್ಲ, ಗದರಲಿಲ್ಲ. ಮೆಲ್ಲಗೆ,
'ಆ ಕಡೆ ನೋಡಿ, ದೋನ್ಯಾ ಎಡುವಿಹೆಸ್.'

ನೋಡಿದೆ.

ಹೊಳೆಯ ಮೇಲೆ ಒಂದೂ ಹಕ್ಕಿ ಇರಲಿಲ್ಲ.
ಆದರೂ ಎಣಿಸಿದೆ. ನಾಲ್ಕರವರೆಗೆ.

ಏನು ಕಂಡಿರಿ, ಪೊಲೀಸರು ಕೇಳಿದರು.
ಹೊಳೆ, ಅಂದೆ. ಬರೆದುಕೊಂಡರು.
ಅವರಿಗೂ ಸಾರು ಕೊಟ್ಟೆ; ಉಪ್ಪು ಸಾಲದು ಅಂದರು.

ಆಮೇಲೆ ಆರೋಗ್ಯ ಕೇಂದ್ರಕ್ಕೂ ಚೀಟಿ ಬಂತು.
ಡಾಕ್ಟರ ಫೋನಿಗೆ ಅವರದೇ ಮನೆಯ ಗೇಟಿನ ಫೋಟೊ,
ಗೇಟಿನ ಸಂದಿಯಲ್ಲಿ ಅವರ ನಾಯಿ ಬಾಲ ಆಡಿಸುತ್ತಿತ್ತು.
ಲಸಿಕೆ ಕಟ್ಟಲಾಗದೆ ಲಸಿಕೆ ನಿಂತಿತು.
ಹೀಗಂತ ನನಗೆ ನಾನೇ ಹೇಳಿಕೊಂಡು ನಕ್ಕೆ,
ನಕ್ಕದ್ದಕ್ಕೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಮೊನ್ನೆ ಒಬ್ಬಳು ಹುಡುಗಿ ಬಂದಳು,
ಕಂಕುಳಲ್ಲಿ ಎರಡು ತಿಂಗಳ ಕೂಸು.
ಯಾರದೆಂದು ಕೇಳಲಿಲ್ಲ, ಮೂಗೇ ಹೇಳುತ್ತಿತ್ತು.
'ಅವನು ಕಳಿಸಿದ. ನಿಮ್ಮ ಕೈ ನೋಯಲ್ಲ ಅಂದ.'
ನನ್ನ ಕೈಯಲ್ಲಿ ಈರುಳ್ಳಿಯ ಚಾಕು.

ಎರಡು ಬಸ್ಸು ಬದಲಿಸಿ ಊರಿನ ಆ ತುದಿಗೆ,
ಸರತಿಯಲ್ಲಿ ಮೂರು ಗಂಟೆ.
ನನ್ನ ಮಗಳ ಪ್ರಾಯದ ನರ್ಸು ಸೂಜಿ ಎತ್ತಿದಳು.
ಕೂಸು ನನ್ನ ತೊಡೆಯ ಮೇಲೆ.
ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ,
ಅದರ ಮುಖವನ್ನು ಆ ಕಡೆ ತಿರುಗಿಸಲಿಲ್ಲ.
ಸೂಜಿಯನ್ನು ನೋಡಲಿ, ಹಿಡಿದ ಕೈಯನ್ನೂ ನೋಡಲಿ.
ಅತ್ತಿತು, ಇಡೀ ಸಾಲು ತಿರುಗಿ ನೋಡುವಷ್ಟು.
ಅಳಲಿ.

ಮುಂದಿನ ಡೋಸು ಎರಡು ತಿಂಗಳಿಗೆ.
ಹಳದಿ ಚೀಟಿಯಲ್ಲಿ ತಾರೀಖು ಬರೆದುಕೊಟ್ಟರು.
ಶುಕ್ರವಾರ ಬೀಳುತ್ತದೆ.